ದುಖಾನ್ ಅಣ್ಣ ಡೈವರ್ಟರ್ ಬಿಚ್ಚಿದ ಶುಕ್ರವಾರ

ಗುಡುಗುಡು ಗುಡುಗುಡು… ಆಮೇಲೆ ಒಂದು ಠಕ್.

ಮೊನ್ನೆ ಬೆಳಿಗ್ಗೆ, ಮೈಸೂರಿನ ಈ ಫ್ಲ್ಯಾಟಿನಲ್ಲಿ, ಮೇಲಿನ ಮನೆಯವರ ಬಾತ್‌ರೂಮಿನ ಪೈಪು ಗೋಡೆಯೊಳಗೆ ಹೀಗೆ ಸದ್ದು ಮಾಡಿತು. ನಾನು ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತುಬಿಟ್ಟೆ. ಕಾಲ ಮೇಲಿನ ಮಗುವನ್ನು ಎತ್ತಿಕೊಳ್ಳಬೇಕು ಅನ್ನುವ ಹಾಗೆ ಎರಡೂ ಕೈ ಮುಂದೆ ಬಂದಿದ್ದವು. ಸಿಲ್ಲಿ, ಐ ನೋ. ಆ ಮಗು, ನನ್ನ ಮೊಮ್ಮಗ, ಈಗ ಗಡ್ಡ ಬಿಟ್ಟುಕೊಂಡು ಕಾಲೇಜಿಗೆ ಹೋಗುತ್ತಾನೆ.

ಅದು ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಹಳೆಯ ಫ್ಲ್ಯಾಟಿನ ಸದ್ದು. ಎರಡು ಸಾವಿರದ ಇಸವಿ ಕಳೆದು ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಮಗಳ ಹೆರಿಗೆ ಆಗಿದ್ದು ಆಗಸ್ಟ್‌ನಲ್ಲಿ. ಆ ಬಿಸಿಲಿಗೆ ಮಾಳಿಗೆಯ ಟ್ಯಾಂಕು ಕಾದು, ತಣ್ಣೀರಿನ ನಲ್ಲಿಯಲ್ಲಿ ಕುದಿಯುವಂಥ ನೀರು ಬರುತ್ತಿತ್ತು. ಹಾಗಾಗಿ ಬೇಸಿಗೆ ಶುರುವಾದ ಕೂಡಲೇ ಎಲ್ಲರೂ ಗೀಸರ್ ಆಫ್ ಮಾಡಿಬಿಡುತ್ತಿದ್ದೆವು. ಏಸಿಯ ಮನೆಯೊಳಗೆ ಗೀಸರಿನಲ್ಲಿ ನಿಂತ ನೀರು ತಣ್ಣಗಿರುತ್ತಿತ್ತು. ಕೆಂಪು ಗುರುತಿನ ನಲ್ಲಿ ತಿರುಗಿಸಿದರೆ ತಣ್ಣೀರು, ನೀಲಿ ತಿರುಗಿಸಿದರೆ ಬಿಸಿನೀರು. ಊರಿಂದ ಬಂದ ನೆಂಟರೆಲ್ಲ ಒಮ್ಮೆ ಕೈ ಸುಟ್ಟುಕೊಂಡೇ ಇದನ್ನು ಕಲಿಯುತ್ತಿದ್ದರು.

ನನ್ನ ಮಕ್ಕಳಿಗೆ ನೀರೆರೆದವರು ನನ್ನ ಅಮ್ಮ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಎಂಬ್ರಾಯ್ಡರಿ ಕಲಿಸಿದರು, ಎಲೊಕ್ಯೂಷನ್ ಕಲಿಸಿದರು. ಎಣ್ಣೆ ಹಚ್ಚಿದ, ಜಾರುವ ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವುದನ್ನು ಯಾರೂ ಕಲಿಸಿರಲಿಲ್ಲ. ಮೊಮ್ಮಗ ಹುಟ್ಟುವ ಹೊತ್ತಿಗೆ ಅಮ್ಮ ತೀರಿಹೋಗಿದ್ದರು. ನಾನೇ ಧೈರ್ಯ ಮಾಡಿ ಕೂತೆ. ಕೆಳಗಿನ ನಲ್ಲಿಯಿಂದ ಬಕೆಟ್ಟಿಗೆ ಬಿಸಿನೀರು ಬೀಳುತ್ತಿತ್ತು. ಗುಡುಗುಡು ಎಂದಿತು, ಠಕ್ ಎಂದಿತು, ನೀರು ಇದ್ದಕ್ಕಿದ್ದಂತೆ ತಲೆಯ ಮೇಲಿನ ಶವರಿನಿಂದ ಸುರಿಯಿತು. ನಾನು ಮಗುವಿನ ಮೇಲೆ ಬಗ್ಗಿದೆ. ಬೆನ್ನು ಬೆಂದುಹೋಯಿತು… ಅವನಿಗೆ ಒಂದು ಹನಿಯೂ ತಾಗಲಿಲ್ಲ, ದೇವರು ದೊಡ್ಡವನು.

ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ಗುಂಡಿ, ಡೈವರ್ಟರ್ ಅನ್ನುತ್ತಾರಲ್ಲ, ಅದು ಕೆಟ್ಟಿತ್ತು. ತನ್ನಷ್ಟಕ್ಕೆ ನೆಗೆಯುತ್ತಿತ್ತು. ಬಿಲ್ಡಿಂಗಿನ ಪ್ಲಂಬರ್ ದಿನವೂ "ಬುಕ್ರಾ, ಬುಕ್ರಾ" ಎಂದು ನಾಳೆಯ ಮಾತು ಹೇಳುತ್ತಿದ್ದ. ಮೊದಲೇ ಬಕೆಟ್ ತುಂಬಿಸಿ ನಲ್ಲಿ ಮುಚ್ಚಿಟ್ಟುಕೊಳ್ಳಬಹುದಿತ್ತು, ನಿಜ. ಆದರೆ ಆ ಬಾತ್‌ರೂಮಿಗೆ ಮತ್ತೆ ಮಗುವನ್ನು ಒಯ್ಯುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

"ಮಮ್ಮಿ, ಹೀಗೆ ಒದ್ದೆ ಬಟ್ಟೇಲಿ ಒರೆಸ್ತಾನೇ ಇರೋದಾ ಇವನನ್ನ? ಕಿಚನ್ ಕೌಂಟರ್ ಥರ?" ಮಗಳು ನಗಲು ಹೋಗಿ ಅತ್ತುಬಿಟ್ಟಳು.

ಎದುರಿನ ಫ್ಲ್ಯಾಟು ಬ್ಯಾಚುಲರ್‌ಗಳದ್ದು, ಉಡುಪಿ ಕಡೆಯ ಹುಡುಗರು. ಅವರಲ್ಲಿ ಒಬ್ಬರು ಮಾತ್ರ ಮದುವೆಯಾದವರು, ದೂರದ ದುಖಾನ್‌ನ ಎಣ್ಣೆಬಾವಿಗಳಲ್ಲಿ ಪೈಪ್ ಫಿಟ್ಟರ್. ವಾರವೆಲ್ಲ ಅಲ್ಲಿನ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಬರುತ್ತಿದ್ದರು. ನಮ್ಮ ಮನೆಯಲ್ಲಿ ಅವರು ದುಖಾನ್ ಅಣ್ಣ. ಅವರ ಹೆಂಡತಿಗೂ ಅದೇ ತಿಂಗಳು ಊರಿನಲ್ಲಿ ಹೆರಿಗೆಯಾಗಿತ್ತು, ಹೆಣ್ಣು ಮಗು. ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಸಮಯ ಎಂದು ಕಂಪನಿ ರಜೆ ಕೊಟ್ಟಿರಲಿಲ್ಲ.

ವಿಷಯ ಕೇಳಿ ಶುಕ್ರವಾರ ಬೆಳಿಗ್ಗೆಯೇ ಸ್ಪ್ಯಾನರ್ ಹಿಡಿದು ಬಂದರು.

"ಎಂತದು ಅಕ್ಕ, ಇಷ್ಟು ದಿನ ಹೇಳ್ಲಿಲ್ಲ ನೀವು? ಎದುರು ಮನೆಯಲ್ಲಿ ಫಿಟ್ಟರ್ ಇರುವುದು ಎಂತಕ್ಕೆ, ಶೋಗಾ?"

ನೀರು ನಿಲ್ಲಿಸಲು ಮಾಳಿಗೆಗೆ ಹೋದರು. ಅಲ್ಲಿ ಎಲ್ಲ ಫ್ಲ್ಯಾಟುಗಳ ವಾಲ್ವುಗಳೂ ಸಾಲಾಗಿ ಒಂದೇ ಥರ. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಮಲಯಾಳಿ, ಟವೆಲ್ ಸುತ್ತಿಕೊಂಡು, ತಲೆ ತುಂಬ ನೊರೆಯೊಂದಿಗೆ ಮೆಟ್ಟಿಲು ಹತ್ತಿ ಬಂದ. "ಚೇಟ್ಟಾ, ವೆಳ್ಳಂ ಎವಿಡೆ?" ಪಾಪ, ಅವನ ಮನೆಯ ನೀರು ನಿಂತಿತ್ತು.

"ಓ, ಅದು ನಿಮ್ಮದಾ? ಈಗ ಬಿಟ್ಟೆ ಮಾರಾಯ್ರೆ. ಸೋಪು ಸ್ವಲ್ಪ ಹೊತ್ತು ಇದ್ರೆ ಒಳ್ಳೆದೇ!" ಮಾಳಿಗೆಯಿಂದ ಅಣ್ಣನ ದನಿ.

ನಮ್ಮ ವಾಲ್ವು ಸಿಕ್ಕಿದ ಮೇಲೆ ಬಾತ್‌ರೂಮಿನ ನೆಲದಲ್ಲಿ ಕೂತು ಡೈವರ್ಟರ್ ಬಿಚ್ಚಿದರು. ಒಳಗಿನ ಕಡ್ಡಿಗೆ ಬಿಳಿಯ ಉಪ್ಪು ಗಟ್ಟಿಯಾಗಿ ಅಂಟಿತ್ತು. ರಬ್ಬರ್ ರಿಂಗು ಒಣಗಿ ಬಿರುಕು ಬಿಟ್ಟಿತ್ತು. ಕಡ್ಡಿಯನ್ನು ನನ್ನ ಅಡುಗೆಮನೆಯ ವಿನೆಗರ್‌ನಲ್ಲಿ ನೆನೆಹಾಕಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದರು. ಹೊಸ ರಿಂಗು ಜೇಬಿನಲ್ಲೇ ಇತ್ತು. ಜೋಡಿಸಿದ ಮೇಲೆ ಗುಂಡಿಯನ್ನು ಎಳೆದರು, ಬಿಟ್ಟರು, ಮತ್ತೆ ಎಳೆದರು. ಕೆಳಗಿನ ನಲ್ಲಿಯಲ್ಲಿ ನೀರನ್ನು ಜೋರಾಗಿ ಬಿಟ್ಟು ಶವರಿನ ಕೆಳಗೆ ತಮ್ಮ ಅಂಗೈ ಚಾಚಿ ತುಂಬ ಹೊತ್ತು ಕೂತರು. ಒಂದು ಹನಿಯೂ ಬೀಳಲಿಲ್ಲ.

"ಇನ್ನು ಹೆದರ್ಬೇಡಿ. ಮೀಯಿಸಿ ಅಕ್ಕ," ಎಂದು ಎದ್ದರು. ಹೊರಗೆ ಹೋಗುತ್ತಾ ಬಾಗಿಲ ಬಳಿ ನಿಂತರು. "ಬಾಗಿಲು ಸ್ವಲ್ಪ ತೆರೆದೇ ಇರ್ಲಿ… ನಾನು ಆಚೆ ರೂಮಲ್ಲಿ ಕೂತಿರ್ತೇನೆ. ಅಳುವುದು ಕೇಳ್ಬೇಕು. ನನ್ನ ಮಗು ಸ್ನಾನಕ್ಕೆ ಕೂತ್ರೆ ಊರೆಲ್ಲ ಒಂದು ಮಾಡ್ತದಂತೆ. ಫೋನಲ್ಲಿ ಅಮ್ಮ ಹೇಳಿದ್ರು."

ಕಾಲು ಚಾಚಿ ಕೂತು ಮಗುವನ್ನು ಮಲಗಿಸಿಕೊಂಡೆ. ಒಮ್ಮೆ ಮೇಲಿನ ಶವರನ್ನು ನೋಡಿ ಎರೆದೆ. ಮೊಮ್ಮಗ ಮೊದಲ ಚೊಂಬಿಗೇ ಶುರುಮಾಡಿದ, ವಾಟ್ ಎ ವಾಯ್ಸ್! ಆಚೆ ರೂಮಿನಲ್ಲಿ ಅವರು ಗಟ್ಟಿಯಾಗಿ ನಕ್ಕಿದ್ದು ಕೇಳಿಸಿತು.

ಮಗುವನ್ನು ಟವೆಲ್‌ನಲ್ಲಿ ಸುತ್ತಿ, ಸಾಂಬ್ರಾಣಿ ಹೊಗೆ ಹಿಡಿದು, ನೇರ ಅವರ ಮುಂದೆ ಒಯ್ದೆ. "ತಗೊಳ್ಳಿ, ಮೊದಲು ನಿಮ್ಮ ಕೈಗೆ."

ಅವರು ಎದ್ದು ನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡ ಅಕ್ಕ, ಬೇಜಾರು ಮಾಡ್ಬೇಡಿ. ಮೊದಲು ಅವಳನ್ನು ಎತ್ತಬೇಕು ನಾನು. ಅಲ್ಲಿವರೆಗೆ ಬೇರೆ ಮಗು ಎತ್ತುವುದಿಲ್ಲ ಅಂತ ಇದ್ದೇನೆ."

ಉಪ್ಪಿಟ್ಟು ತಿನ್ನಿ ಎಂದೆ. ತಿಂದರು, ಎರಡನೇ ಸಲ ಹಾಕಿಸಿಕೊಂಡೂ ತಿಂದರು. ಆಮೇಲೆ ಪ್ರತಿ ಶುಕ್ರವಾರ ಮಗುವಿನ ಸ್ನಾನದ ಹೊತ್ತಿಗೆ ಸರಿಯಾಗಿ ಬಂದು ಆಚೆ ರೂಮಿನಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು. ಪುಟ ತಿರುಗಿಸಿದ್ದನ್ನು ನಾನು ಕಂಡಿಲ್ಲ.

ರಜೆ ಸಿಕ್ಕಿದ್ದು ಚಳಿಗಾಲದಲ್ಲಿ. ಊರಿಂದ ಒಂದೇ ಒಂದು ಫೋನ್ ಬಂತು. ಹಿಂದೆ ಮಗುವಿನ ಕಿರುಚಾಟ, ಅದರ ಮೇಲೆ ಅವರ ದನಿ: "ಎತ್ತಿದೆ ಅಕ್ಕ… ಒಳ್ಳೆ ಭಾರ ಇದ್ದಾಳೆ." ರಜೆ ಮುಗಿಸಿ ಬಂದವರನ್ನು ಕಂಪನಿಯವರು ಏರ್‌ಪೋರ್ಟಿನಿಂದಲೇ ದೂರದ ಉತ್ತರದ ಅಲ್ ಶಮಾಲ್ ಕಡೆಯ ಕೆಲಸಕ್ಕೆ ಕರೆದೊಯ್ದರಂತೆ. ಅಷ್ಟರಲ್ಲಿ ನನ್ನ ಮಗಳು ಕೂಸಿನೊಂದಿಗೆ ಗಂಡನ ಹತ್ತಿರ ಮಸ್ಕತ್‌ಗೆ ಹೋದಳು. ಮುಂದಿನ ಬೇಸಿಗೆಗೆ ನಾವೂ ಮೈಸೂರಿಗೆ ಬಂದೆವು. ಹೋಗಿ ನೋಡಬಹುದಿತ್ತು, ಬರಬಹುದಿತ್ತು… ಯಾರೂ ಹೋಗಲಿಲ್ಲ, ಬರಲಿಲ್ಲ. ಹಾರ್ಟ್ ಅಟ್ಯಾಕ್ ಆಗಿ ದುಖಾನ್ ಅಣ್ಣ ತೀರಿಹೋದರು ಎಂದು ಹೋದ ವರ್ಷ ದೋಹಾದ ಎದುರು ಫ್ಲ್ಯಾಟಿನ ಹುಡುಗರಲ್ಲೊಬ್ಬ ಫೋನ್ ಮಾಡಿ ಹೇಳಿದ. ಅವನಿಗೂ ಈಗ ತಲೆ ಬೆಳ್ಳಗಾಗಿದೆಯಂತೆ. ಕೊನೆವರೆಗೂ ಅವರ ಆ ಮಗಳು ಜೊತೆಯಲ್ಲಿದ್ದಳಂತೆ. ಅಷ್ಟು ಕೇಳಿ ಫೋನ್ ಇಟ್ಟೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು, ರಜೆಗೆ ಹೊರಟ ದಿನ, ನಮ್ಮ ಬಿಲ್ಡಿಂಗಿನ ಬಾಗಿಲಲ್ಲಿ. ಟ್ಯಾಕ್ಸಿಯವನು "ಯಲ್ಲಾ, ಯಲ್ಲಾ" ಎಂದು ಹಾರನ್ ಹೊಡೆಯುತ್ತಿದ್ದ. ಮೊಮ್ಮಗ ನನ್ನ ಸೊಂಟದ ಮೇಲಿಂದ ಬಾಗಿ ಅವರ ಮೀಸೆಯನ್ನು ಹಿಡಿದುಬಿಟ್ಟ. ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು, ನೋವಿಗೆ ಕಣ್ಣು ಮುಚ್ಚಿ, ಅವರು ಮುಖವನ್ನು ಇನ್ನಷ್ಟು ಹತ್ತಿರ ತಂದರು. "ಬಿಡು ಮಾರಾಯ, ವಿಮಾನ ಹೋಗ್ತದೆ. ಬಂದು ಎತ್ತುತ್ತೇನೆ ನಿನ್ನನ್ನು, ಆಯ್ತಾ?" ಪುಟ್ಟ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.