ಕಣ್ಣಿರುವ ಗೆರಟೆ

ಸೌಟಿನ ಕಾಕನ ಬಲಗಣ್ಣು ಎಳನೀರಿನ ಬೊಂಡದ ಎಳೆ ತಿರುಳಿನಂತೆ ಬೆಳ್ಳಗಿತ್ತು. ಮಾತಾಡುವಾಗ ಎಡಗಣ್ಣು ನಮ್ಮನ್ನು ನೋಡಿದರೆ, ಆ ಬಿಳಿಗಣ್ಣು ನಮ್ಮ ಬೆನ್ನ ಹಿಂದೆ ನಿಂತ ಯಾರನ್ನೋ ನೋಡುತ್ತಿರುವಂತೆ ತೋರುತ್ತಿತ್ತು. ನಾನು ಎಷ್ಟೋ ಸಲ ತಿರುಗಿ ನೋಡಿದ್ದೇನೆ.

ಹೊಸಂಗಡಿಯ ನಮ್ಮ ಕಾಂಪೌಂಡ್ ಗೋಡೆಯ ಆಚೆಗೆ ಅವರ ತಗಡಿನ ಶೆಡ್. ಅವರ ಮನೆ ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ. ಹೈವೇ ಅಗಲವಾದಾಗ ಶೆಡ್ಡಿನ ಅರ್ಧ ಹೋಯಿತು. ಉಳಿದ ಅರ್ಧದಲ್ಲಿ ಕೂತು ತೆಂಗಿನ ಗೆರಟೆ ಉಜ್ಜಿ ಸೌಟು ಮಾಡುತ್ತಿದ್ದರು. ಪ್ರತಿ ಗೆರಟೆಯನ್ನೂ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿ ಕೇಳುವರು. ಬಿರುಕು ಮೊದಲು ಕಿವಿಗೆ ಗೊತ್ತಾಗುವುದು, ಕಣ್ಣಿಗೆ ಆಮೇಲೆ ಎನ್ನುವರು. ಮೂರು ಕಣ್ಣಿರುವ ಮೇಲಿನ ಹೋಳನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಅದು ನೇರ ಒಲೆಗೆ. ಕಣ್ಣಿರುವುದನ್ನು ಇನ್ನೊಬ್ಬರ ಕೈಗೆ ಕೊಡಬಾರದು, ಅದು ನೋಡುತ್ತಾ ಇರುತ್ತದೆ ಎಂದು ಅವರ ಬಾಪ ಹೇಳಿದ್ದರಂತೆ.

ಸ್ಟ್ರೋಕ್ ಆಗಿ ನನ್ನ ಬಲಗೈ ಸತ್ತಂತೆ ಬಿದ್ದದ್ದು ಎರಡು ವರ್ಷದ ಹಿಂದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಗೆಣ್ಣಿಗೆ ಸ್ಕೇಲಿನಿಂದ ಕುಟ್ಟಿ ಕರ್ಸಿವ್ ಕಲಿಸಿದ ಕೈ. ಆಮೇಲೆ ವರ್ಷಗಟ್ಟಲೆ ಇಂಗ್ಲಿಷ್ ಬೋರ್ಡಿನ ಮೇಲೆ ಓಡಿದ ಕೈ. ಆಗ ನನ್ನ ಹೆಸರನ್ನೇ ಬರೆಯಲಾರದಾಗಿತ್ತು. ಆರು ತಿಂಗಳಲ್ಲಿ ಎಷ್ಟು ಬಂತೋ ಅಷ್ಟೇ ಎಂದು ಡಾಕ್ಟರು ಪೊಲೈಟ್ ಆಗಿ ಹೇಳಿದ್ದರು. ನಾಲ್ಕು ತಿಂಗಳು ಕಳೆದುಹೋಗಿತ್ತು. ಹಿಂಡಲಿಕ್ಕೆ ಕೊಟ್ಟಿದ್ದ ಸ್ಪಾಂಜ್ ಬಾಲನ್ನು ನಾನು ಸಿಟೌಟಿನಿಂದ ಎಡಗೈಯಲ್ಲಿ ಎಸೆದೆ. ಗೋಡೆಯಾಚೆ ಹೋಗಿ ಅದು ಕಾಕನ ಮಡಿಲಿಗೆ ಬಿತ್ತು.

ಮರುದಿನ ಬಾಲ್ ಹಿಡಿದುಕೊಂಡು ಬಂದರು. "ಎಂತ ಟೀಚರೇ, ಎಡಗೈಗೆ ಇಷ್ಟು ಸಿಟ್ಟು ಉಂಟಾದರೆ ಬಲಗೈಗೆ ಎಷ್ಟಿರಬೇಡ?" ಎಂದರು. ತಿಂಗಳುಗಳ ಮೇಲೆ ನಾನು ನಕ್ಕದ್ದು ಅಂದು.

ಅಂದಿನಿಂದ ಅವರು ನನ್ನ ಬಲಗೈಗೆಂದೇ ಒಂದು ಆಟ ಹುಟ್ಟಿಸಲು ಕೂತರು. ಸೌಟಿಗೊಂದು ದಾರ, ದಾರದ ತುದಿಗೆ ಅಡಿಕೆ. ಮೇಲಕ್ಕೆ ಎಸೆದು ಸೌಟಿನಲ್ಲೇ ಹಿಡಿಯಬೇಕು. ಅಡಿಕೆ ಭಾರವಾಗಿ ನನ್ನ ಕನ್ನಡಕಕ್ಕೆ ಬಡಿಯಿತು. ದಾರವನ್ನು ಅವರು ತಮ್ಮ ಉದ್ದದ ಕೈಗೆ ಅಳೆದಿದ್ದರು. ಆಮೇಲೆ ನನ್ನ ಮೊಣಕೈಯಿಂದ ಬೆರಳ ತುದಿಗೆ ಅಳೆದು ಕತ್ತರಿಸಿದರು. ಅಡಿಕೆಯ ಬದಲು ಒಣಗಿದ ಹೊನ್ನೆಕಾಯಿ ಬಂತು. ತೂತು ಕೊರೆದ ಆ ಕಾಯಿ ಗಾಳಿಯಲ್ಲಿ ಸಣ್ಣಗೆ ಊಳಿಡುತ್ತಿತ್ತು. ಆದರೂ ಸೌಟಿನ ಬಟ್ಟಲಿನಲ್ಲಿ ಸುಮ್ಮನೆ ಬಿದ್ದರೆ ಕೈಗೆ ಕಲಿಯುವುದು ಏನೂ ಇಲ್ಲ, ಒಂದು ಗುರಿ ಬೇಕು ಎಂದು ಗೊಣಗಿಕೊಂಡು ಹೋದರು.

ಶುಕ್ರವಾರ ನಮಾಜು ಮುಗಿಸಿ ಬಂದಾಗ ಕೈಯಲ್ಲಿದ್ದದ್ದು ಕಣ್ಣಿರುವ ಹೋಳಿನ ಸೌಟು. ಎರಡು ಕಣ್ಣುಗಳನ್ನು ಮೇಣ ತುಂಬಿ ಮುಚ್ಚಿದ್ದರು. ಮೂರನೆಯದನ್ನು ಹೊನ್ನೆಕಾಯಿ ಅರ್ಧ ಇಳಿದು ಕೂರುವಷ್ಟು ಅಗಲ ಮಾಡಿದ್ದರು. ಅದರಲ್ಲಿ ಕೂತರೆ ಟಕ್. ತಪ್ಪಿದರೆ ಗರಗರ ಉರುಳಿ ಹೊರಗೆ.

ನಿಮ್ಮ ಬಾಪ ಬೇಡ ಎಂದದ್ದಲ್ಲವಾ ಎಂದೆ.

"ಬೇಡ ಹೇಳಿದ್ದು ಹೌದು," ಎಂದರು. "ಆದರೆ ನಿಮ್ಮ ಕೈಯನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ ಟೀಚರೇ."

ದಿನವೂ ಸಂಜೆ ಮಸೀದಿಯ ಅಸರ್ ಬಾಂಗ್ ಮುಗಿದ ಮೇಲೆ ಸಿಟೌಟಿನಲ್ಲಿ ಕೂತು ಎಸೆಯುತ್ತಿದ್ದೆ. ಗರಗರ, ಗರಗರ. ಹತ್ತು ದಿನದ ಮೇಲೆ ಗೋಡೆಯಾಚೆ ಟಕ್ ಎಂದಿತು. ಕಾಕ ತಮಗೂ ಒಂದು ಮಾಡಿಕೊಂಡಿದ್ದಾರೆ ಎಂದುಕೊಂಡೆ. ಮುಂದಿನ ಶುಕ್ರವಾರ ಕೇಳಿಯೂಬಿಟ್ಟೆ, ನೀವೂ ಆಡ್ತೀರಲ್ಲ ಕಾಕಾ, ಚೀಟಿಂಗ್, ನಿಮ್ಮದು ಒಂದೂ ತಪ್ಪುವುದಿಲ್ಲ ಎಂದು. ಬಿಳಿಗಣ್ಣು ನನ್ನ ಭುಜದ ಮೇಲಿಂದ ಹಿಂದಕ್ಕೆ ನೆಟ್ಟಿತ್ತು.

"ನಿಮಗೆ ಕೇಳ್ತದಾ?" ಎಂದರು. "ಹಾಗಾದರೆ ಕೈ ಬರ್ತದೆ. ಆ ಸದ್ದು ಮೊದಲು ಆಗಲಿ. ಆಮೇಲೆ ನೀವು ಎಸೆಯಿರಿ."

ಅದರ ಮುಂದಿನ ಶುಕ್ರವಾರ ಅವರು ಬರಲಿಲ್ಲ. ಆದರೆ ಸದ್ದು ಬಂತು, ದಿನವೂ ಬಂತು. ಕಾಕ ಇದ್ದಾರೆ, ಕೆಲಸ ಜಾಸ್ತಿ ಇರಬೇಕು ಎಂದು ನೆಮ್ಮದಿಯಾಗಿದ್ದೆ. ಕಣ್ಣು ಮುಚ್ಚಿ, ಆಚೆಯ ಟಕ್ ಕೇಳಿದ ಕೂಡಲೇ ಎಸೆಯುತ್ತಿದ್ದೆ. ಹೊನ್ನೆಕಾಯಿಯ ಊಳು ಮೇಲೇರಿ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಮೌನದಲ್ಲಿ ಮಣಿಕಟ್ಟು ತಿರುಗಿಸಬೇಕು. ಒಂದು ಸಂಜೆ ತಿರುಗಿತು. ಟಕ್. ಮೇಣ ತುಂಬಿದ ಎರಡು ಕಣ್ಣುಗಳ ಪಕ್ಕದಲ್ಲಿ ಹೊನ್ನೆಕಾಯಿ ಪಾಪೆಯ ಹಾಗೆ ಕೂತಿತ್ತು. ನಾನು ಅತ್ತೆ. ಗೋಡೆಯಾಚೆ ಅಂದು ಮತ್ತೆ ಸದ್ದಾಗಲಿಲ್ಲ.

ಮೂರನೆಯ ದಿನ ಅವರ ಅಳಿಯ ಶೆಡ್ಡಿನ ಸಾಮಾನು ಒಯ್ಯಲು ಬಂದ. ಮಾವ ತೀರಿಹೋಗಿ ಮೂರು ದಿನವಾಯಿತು, ಅದಕ್ಕೆ ಮೊದಲು ಹನ್ನೆರಡು ದಿನ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು, ಶೆಡ್ಡಿಗೆ ಅಷ್ಟು ದಿನವೂ ಬೀಗ ಎಂದ. ಅವರ ಆಟದ ಸೌಟನ್ನಾದರೂ ನನಗೆ ಕೊಡಿ ಎಂದೆ.

"ಮಾವ ಮಾಡಿದ್ದು ಒಂದೇ ಟೀಚರೇ, ನಿಮ್ಮದು," ಎಂದ. "ಅವರಿಗೆ ಒಂದೇ ಕಣ್ಣಲ್ಲವಾ. ಎಸೆದದ್ದು ಎಲ್ಲಿ ಬೀಳ್ತದೆ ಅಂತ ಗೊತ್ತಾಗ್ತಿರಲಿಲ್ಲ. ಒಂದು ಸಲವೂ ಹಿಡಿಯಲಿಕ್ಕೆ ಆಗಲಿಲ್ಲ."

ಹೈವೇಯ ಹೊಸ ಕಾಂಕ್ರೀಟ್ ಗೋಡೆಗೆ ಬಡಿದು ಬಂದ ಎಕೋ ಇರಬೇಕಮ್ಮ ಎಂದಳು ನನ್ನ ಮಗಳು. ಇರಬಹುದು. ಆದರೆ ನನ್ನ ಸದ್ದಿಗಿಂತ ಮೊದಲು ಬರುವ ಎಕೋವನ್ನು ನಾನಂತೂ ಕೇಳಿಲ್ಲ.

ಇದನ್ನು ಬಲಗೈಯಲ್ಲೇ ಬರೆದಿದ್ದೇನೆ. ಅಕ್ಷರ ಸ್ವಲ್ಪ ನಡುಗಿದೆ, ಸಿಸ್ಟರ್ ನೋಡಿದ್ದರೆ ಸ್ಕೇಲ್ ಎತ್ತುತ್ತಿದ್ದರು. ಬಾಂಗ್ ಈಗ ತಾನೇ ಮುಗಿಯಿತು. ಶೆಡ್ಡಿನ ಜಾಗದಲ್ಲಿ ಬರೀ ಜಲ್ಲಿ ಉಂಟು. ಸೌಟನ್ನು ಕೈಗೆತ್ತಿಕೊಂಡು ಕೂತಿದ್ದೇನೆ. ಇವತ್ತಿಗೂ ನಾನು ಮೊದಲು ಎಸೆಯುವುದಿಲ್ಲ.