ಪರದೆಗೆ ಬೆನ್ನು ಹಾಕಿ ಆಡಿಸುವ ಸುಗಂಧಾ

ಅಂಕಲಿ, ೧೯೯೫. ನಸುಕಿನ ಮಬ್ಬು ಇನ್ನೂ ಹರಿದಿಲ್ಲ. ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಬಾಗಿಲಲ್ಲಿಟ್ಟು ಬಂದ ಭರಮು, ಸುಗಂಧಾ ಅವರ ಹೊಲಿಗೆ ಅಂಗಡಿಯ ಟಿವಿ ಮುಂದೆ ಕೂತು ಗುಂಡಿ ಒತ್ತಿ ಒತ್ತಿ ಗೂಂಡಾಗಳನ್ನು ಬಡಿಯುತ್ತಿದ್ದಾನೆ. ಟಿವಿಗೆ ಬೆನ್ನು ಹಾಕಿ ಕೂತ ಸುಗಂಧಾ ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದಾರೆ. ಕಣ್ಣು ಸೂಜಿಯ ಮೇಲೆಯೇ ಇದೆ. ಇದ್ದಕ್ಕಿದ್ದಂತೆ ಕೂಗುತ್ತಾರೆ: "ಕುಂದರೋ ಭರಮ್ಯಾ!"

ಪರದೆಯ ಮೇಲೆ ಭರಮುವಿನ ಆಳು ಕುಕ್ಕರಿಸುತ್ತಾನೆ. ಅವನ ತಲೆ ಮೇಲೆ ಬಡಿಗೆಯ ಏಟು ಸುಯ್ಯೆಂದು ಹಾದುಹೋಗುತ್ತದೆ. ಬೀಸಿದವನು ಮಾತ್ರ ಅಲ್ಲಿ ಇಲ್ಲವೇ ಇಲ್ಲ!

ಅದು ಯಂತ್ರದ ದೋಷ. ಸುಗಂಧಾ ಅವರ ಗಂಡ ಲಗಮಣ್ಣ ಮಿರಜ್ ಪೇಟೆಯಿಂದ ತಂದ ಆ ಗೇಮ್ ಪೆಟ್ಟಿಗೆಯ ಹೆಸರನ್ನು ಊರಲ್ಲಿ ಯಾರೂ ಕೇಳಿಲ್ಲ. ಮೂವರು ಗೂಂಡಾಗಳನ್ನು ಅದು ಹೇಗೋ ನಿಭಾಯಿಸುತ್ತದೆ. ನಾಲ್ಕನೆಯವನು ಬಂದನೋ, ಕೈ ಚೆಲ್ಲುತ್ತದೆ. ಅವನ ಚಿತ್ರ ಮಾಯ, ಹೊಡೆತ ಮಾತ್ರ ಖಾಯಂ. ಆಟವೂ ಕೆಸರಲ್ಲಿ ಸಿಕ್ಕ ಕಬ್ಬಿನ ಗಾಡಿಯಂತೆ ತೆವಳುತ್ತದೆ. ಹೊಲಗಳಲ್ಲಿ ಪಂಪು ಶುರುವಾಗಿ ಕರೆಂಟು ಸೊರಗಿತೆಂದರೆ ಅದೂ ಇಲ್ಲ. ಅದಕ್ಕೇ ಇಲ್ಲಿ ಆಟವೆಲ್ಲ ನಸುಕಿನಲ್ಲಿ, ಡೈರಿಗೆ ಹಾಲು ಹಾಕಿ ಕ್ಯಾನು ಹಿಡಿದು ಬರುವ ಹುಡುಗರದ್ದೇ.

ಕಾಣದವನ ಸುಳಿವು ಸಿಗುವುದಾದರೂ ಹೇಗೆ? "ಆಟದಾಗಿನ ಹಾಡ ಕೇಳ್ರಿ," ಎನ್ನುತ್ತಾರೆ ಸುಗಂಧಾ. "ಆ ಪೆಟಗಿಗಿ ಹಾಡೂ ಬಡಗಿ ಸಪ್ಪಳಾನೂ ಒಮ್ಮೆಲೇ ಆಗೂದಿಲ್ಲ. ಅಂವ ಬಡಗಿ ಎತ್ತಿದ್ರ ಒಂದ ಸೂರ ಬಿಟ್ಟಹೋಗತೈತಿ. ಮಷೀನದಾಗ ಹೊಲಿಗಿ ಬಿಟ್ರ ಗೊತ್ತಾಗೂದಿಲ್ಲೇನು? ಇದೂ ಹಂಗ."

ಎಷ್ಟು ಕಿವಿಗೊಟ್ಟರೂ ಮಿಕ್ಕವರಿಗೆ ಕೇಳುವುದು ಬರೀ ಗದ್ದಲ. ಆ ಗದ್ದಲದಲ್ಲಿ, ತಾವೇ ತುಳಿಯುವ ಯಂತ್ರದ ಸದ್ದಿನ ನಡುವೆ, ಬಿಟ್ಟುಹೋದ ಒಂದು ಸ್ವರವನ್ನು ಈ ಹೆಣ್ಣುಮಗಳು ಹೆಕ್ಕುತ್ತಾರೆ. ನೋಡಿದವರು ಬೆರಗಾಗದೆ ಇರಲಾರರು.

ದೀಪಾವಳಿ ಮುಗಿದ ಮೇಲೆ ಎದುರಿನ ಅಂಗಡಿಯ ಅಣ್ಣಾಸಾಬ ಹೊಸ ಯಂತ್ರ ತಂದಿಟ್ಟ. ಆಟ ಅದೇ, ಆದರೆ ಯಾರೂ ಮಾಯವಾಗುವುದಿಲ್ಲ, ಏನೂ ತೆವಳುವುದಿಲ್ಲ. ಹಾಲಿನ ಕ್ಯಾನುಗಳೆಲ್ಲ ರಸ್ತೆ ದಾಟಿದವು. ಸಂತೆಯ ದಿನ ಗುಜರಿಗೆ ಹಾಕುವುದೆಂದು ಲಗಮಣ್ಣ ಹಳೆಯ ಪೆಟ್ಟಿಗೆಯನ್ನು ಗೋಣಿಚೀಲಕ್ಕೆ ತುಂಬಿದ. ಆ ದಿನಗಳನ್ನು ಸುಗಂಧಾ ನೆನೆಯುತ್ತಾರೆ: "ಮುಂಜಾನೆದ್ದು 'ಕುಂದರೋ' ಅನ್ನಾಕ ಯಾರೂ ಇರಲಿಲ್ರಿ."

ಸಂತೆಯ ಮುಂಜಾನೆಯೇ ಭರಮು ಜೋಲುಮೋರೆ ಹಾಕಿಕೊಂಡು ಮರಳಿದ. "ಅಲ್ಲಿ ಎಲ್ಲಾರೂ ಕಾಣ್ತಾರ ಅಕ್ಕಾ. ಆಟ ಭಡಾಭಡಾ ಮುಗದ ಹೋತು. ಮಜಾನ ಇಲ್ಲ," ಎಂದವನೇ ಗೋಣಿಚೀಲದ ದಾರ ಬಿಚ್ಚಿದ. ಲಗಮಣ್ಣ ಗೊಣಗಿದ, ಆದರೆ ತಡೆಯಲಿಲ್ಲ. ಭರಮುವಿನ ಹಿಂದೆಯೇ ಕ್ಯಾನುಗಳು ಒಂದೊಂದಾಗಿ ಬಂದವು.

ಇವತ್ತು ನೋಡಿದರೆ ಅಣ್ಣಾಸಾಬನೇ ತನ್ನ ಅಂಗಡಿಯ ಬಾಗಿಲು ಮುಂದೆ ಮಾಡಿ ಇಲ್ಲಿ ಸರದಿಗೆ ನಿಂತಿದ್ದಾನೆ. "ವೈನಿ, ನನಗೂ ಜರಾ ಜೋರಾಗಿ ಒದರ್ರಿ."

ಒಳ್ಳೆಯ ಯಂತ್ರ ಬೇಡವೇ ಎಂದು ಕೇಳಿದರೆ ಸುಗಂಧಾ ಹಲ್ಲಿನಿಂದ ದಾರ ಕಡಿದು ನಗುತ್ತಾರೆ.

"ಕಾಣೋರ್ನ ಯಾರರ ಹೊಡಿತಾರ್ರಿ. ಕಾಣದಾಂವನ್ನ ಹೊಡ್ಯಾವ್ರು ನಮ್ಮ ಅಂಗಡ್ಯಾಗಷ್ಟ ಅದಾರ."