ಸಮುದ್ರಕ್ಕೂ ಮಾರ್ಜಿನ್ ಬಿಟ್ಟ ಸೂಜಿಯಕ್ಕ

ಹಾಯಿ ಹೊಲಿಯುವ ಶೆಡ್ಡಿನ ಮಾಲೀಕ ಸೂಜಿಯಕ್ಕನಿಗೆ ಇನ್ನೂ ಎರಡು ತಿಂಗಳ ಸಂಬಳದ ರಜೆ ಕೊಡಬೇಕು. ಭಿಕ್ಷೆಯಲ್ಲ, ಬಾಕಿ. ಆ ರಜೆಗಾಗಿ ಶೆಡ್ಡಿನ ಕೆಲಸದವರು ನಾವೆಲ್ಲ ಬಾಗಿಲಿಗೆ ಅಡ್ಡ ಕೂತು ಬಿಸಿಲಲ್ಲಿ ಬೆನ್ನು ಸುಟ್ಟುಕೊಂಡಿದ್ದೆವು. ಗೆದ್ದ ಮೇಲೆ ಉಳಿದವರು ಮದುವೆಗೆ, ಬಾಣಂತನಕ್ಕೆ, ಸುಮ್ಮನೆ ಬಿದ್ದುಕೊಳ್ಳುವುದಕ್ಕೆ ಅಂತ ರಜೆ ಹಾಕಿ ಮುಗಿಸಿದರು. ಸೂಜಿಯಕ್ಕ ಮಾತ್ರ ವರ್ಷಾ ವರ್ಷಾ ಕೂಡಿಟ್ಟಳು. ಯಾಕೆಂದು ಕೇಳಿದರೆ, "ನಂಗೆ ಇಡೀ ಥಾನು ಬೇಕು. ಚಿಂದಿ ಜೋಡಿಸಿ ಆಗೋ ಕೆಲಸ ಅಲ್ಲ" ಅನ್ನುತ್ತಿದ್ದಳು.

ಶೆಡ್ಡಿನ ಮಹಡಿಯಲ್ಲಿ ಮೇಜಿಲ್ಲ, ಕುರ್ಚಿಯಿಲ್ಲ. ಉದ್ದಕ್ಕೂ ಮರದ ಹಲಗೆಯ ನೆಲ. ಚಪ್ಪಲಿ ಹಾಕಿ ಹತ್ತಿದರೆ ಸೂಜಿಯಕ್ಕ ಮಾಲೀಕನನ್ನೂ ಬಿಡುವುದಿಲ್ಲ. ದೊಡ್ಡ ಹಾಯಿಯನ್ನು ಅದರ ಪೂರ್ತಿ ಅಳತೆಯಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೇ ಬರೆಯಬೇಕು, ಗೆರೆಯ ಮೇಲೆ ಬಟ್ಟೆ ಹಾಸಿ ಕತ್ತರಿಸಬೇಕು. ಆಯುಷ್ಯವೆಲ್ಲ ಮಂಡಿಯ ಮೇಲೆ ತೆವಳಿದ್ದರಿಂದ ಅವಳ ಮಂಡಿಗಳು ತೆಂಗಿನ ಚಿಪ್ಪಿನಷ್ಟು ಗಟ್ಟಿ. ಬಾಯಲ್ಲಿ ಯಾವಾಗಲೂ ಎರಡು ಸೂಜಿ. ಹಾಗಾಗಿ ಮಾತು ಕಡಿಮೆ, ಆಡಿದರೆ ಚುಚ್ಚು.

ಅವಳು ಹೊಲಿದ ಹಾಯಿಗಳು ಎಲ್ಲೋ ದೂರದ ಬಿಸಿಲು ದ್ವೀಪಗಳನ್ನು ಸುತ್ತಿ ವಾಪಸು ಬರುತ್ತವೆ. ಮಡಿಕೆಯಲ್ಲಿ ಹವಳದ ಪುಡಿ, ಹಕ್ಕಿ ಹಿಕ್ಕೆ, ಹೆಸರು ಗೊತ್ತಿಲ್ಲದ ಒಂದು ಒಣಗಿದ ಹೂವು. ಮತ್ತೆ ಯಾವಾಗಲೂ ಅದೇ ಮೂಲೆಯಲ್ಲಿ ಹರುಕು. "ಹಕ್ಕಿ ದ್ವೀಪದ ತಿರುವಲ್ಲಿ ಗಾಳಿ ಕಿತ್ತುಹಾಕುತ್ತೆ" ಎಂದು ದೋಣಿಯವರು ಹೇಳುತ್ತಾರೆ. "ನನ್ನ ಹೊಲಿಗೆ ಹರಿಯೋ ಆ ಗಾಳಿ ಮುಖಾನ ಒಂದ್ಸಲ ನೋಡ್ಬೇಕು." ಇವಳ ಆಸೆ ಇಷ್ಟೇ. ಇಷ್ಟು ಹಾಯಿ ಹೊಲಿದವಳು ದಡ ಬಿಟ್ಟು ಒಂದು ಮಾರು ಆಚೆ ಹೋದವಳಲ್ಲ.

ಹೋಗಲು ಗೊತ್ತಾದ ದೋಣಿ ಅತ್ತಿಗೆಯದು, ಅಂದರೆ ಇವಳ ಅಣ್ಣನ ಹೆಂಡತಿಯದು. ಆಕೆ ಆ ದ್ವೀಪಗಳಿಗೆ ಸಾಮಾನು ಸಾಗಿಸಿ ಬದುಕಿದವಳು. ಅಣ್ಣ ಬರುವ ಮಾತೇ ಇಲ್ಲ. ಅವನಿಗೆ ಬಕೆಟ್ಟಿನಲ್ಲಿ ನೀರು ಅಲುಗಿದರೂ ವಾಂತಿ. ಗಾಳಿ ತಿರುಗುವ ಮೊದಲು ಹೊರಟು ಎರಡು ತಿಂಗಳೊಳಗೆ ಮರಳಬೇಕು ಎಂದು ಹೆಂಗಸರಿಬ್ಬರೂ ಮಾತಾಡಿಕೊಂಡರು. ಅತ್ತಿಗೆ ತನ್ನ ಹಳೇ ನಕ್ಷೆ ಕೊಟ್ಟು ದೋಣಿಗೆ ಬಣ್ಣ ಬಳಿಯಲು ಹೋದಳು. ಸೂಜಿಯಕ್ಕ ರಜಾ ದಿನ ಒಬ್ಬಳೇ ಮಹಡಿ ಹತ್ತಿ ಇಡೀ ಸಮುದ್ರವನ್ನು ನೆಲಕ್ಕಿಳಿಸಿದಳು. ಒಂದು ದಿನದ ಪಯಣಕ್ಕೆ ಒಂದು ಗೇಣು. ಟಪಾಲು ದೋಣಿ ಬರುವ ದ್ವೀಪ, ಸಿಹಿನೀರೇ ಇಲ್ಲದ ದ್ವೀಪ, ಕೊನೆಗೆ ಗೋಡೆಯ ಬುಡದಲ್ಲಿ ಹಕ್ಕಿ ದ್ವೀಪ.

ಅಷ್ಟರಲ್ಲಿ ಮಾಲೀಕ ಬಂದ. ಬರಿಗಾಲಲ್ಲೇ ಬಂದ.

"ಇದ್ಯಾರ ಹಾಯಿ?"

"ನಂದೇ, ಸಾರ್. ಹಾಯಿ ಅಲ್ಲ, ದಾರಿ. ಗೇಣಿಗೊಂದು ದಿನ."

ಮಾಲೀಕ ಬಗ್ಗಿ ಗೇಣು ಹಾಕುತ್ತ ಗೋಡೆ ಮುಟ್ಟಿದ. ಹೊಟ್ಟೆ ಅಡ್ಡ ಬಂದರೂ ಲೆಕ್ಕ ತಪ್ಪಲಿಲ್ಲ. "ಹೋಗಿ ಬರೋಕೆ ಹತ್ತತ್ರ ಮೂರು ತಿಂಗಳಾಗುತ್ತಲ್ಲಮ್ಮ! ನಿಂಗಿರೋದು ಎರಡು. ಮಿಕ್ಕ ತಿಂಗಳು ಮೀನು ಸಂಬಳ ಕೊಡುತ್ತಾ? ಎರಡರಲ್ಲಿ ಮುಗಿಯೋ ಹಾಗಿದ್ರೆ ಈಗ್ಲೇ ಕೊಡ್ತಿದ್ದೆ, ದೇವರಾಣೆ."

ಸೂಜಿಯಕ್ಕ ಒದ್ದೆ ಬಟ್ಟೆ ತಗೊಂಡು ಹಕ್ಕಿ ದ್ವೀಪದ ಹತ್ತಿರ ಮಂಡಿಯೂರಿದಳು. ಅದನ್ನು ಒರೆಸಿದರೆ ರಜೆ ಸಾಕು. ಆದರೆ ಅದಿಲ್ಲದ ಮೇಲೆ ಹೋಗುವುದಾದರೂ ಯಾಕೆ?

ಕೈ ತುಂಬ ನೀಲಿ ಬಣ್ಣ ಮಾಡಿಕೊಂಡು ಅತ್ತಿಗೆ ಮೆಟ್ಟಿಲು ಹತ್ತಿದ್ದು ಆಗಲೇ. ಟಪಾಲು ದ್ವೀಪದ ಮೇಲೆ ಕಾಲಿಟ್ಟು ಮುಂದಿನದಕ್ಕೆ ದಾಟಹೋದವಳು ನಡುವೆಯೇ ನಿಂತಳು.

"ಏನೇ ಇದು? ಇಲ್ಲಿಂದಲ್ಲಿಗೆ ನಾನು ಬೆಳಿಗ್ಗೆ ಹೊರಟ್ರೆ ಕತ್ತಲಾಗೋದ್ರೊಳಗೆ ಮುಟ್ತೀನಿ. ನೀನು ಒಂದೂವರೆ ದಿನ ಮಾಡಿದ್ದೀಯಲ್ಲ! ದ್ವೀಪಗಳೇನು ಜಗಳ ಮಾಡ್ಕೊಂಡು ದೂರ ಹೋದ್ವಾ?"

"ನಕ್ಷೆ ನೋಡೇ ಬರ್ದಿದ್ದು, ಅತ್ತಿಗೆ. ಒಂದು ಗೇಣು. ಆಮೇಲೆ ಈ ಕಡೆ ಮೂರು ಬೆರಳು, ಆ ಕಡೆ ಮೂರು ಬೆರಳು..." ಹೇಳುತ್ತಿದ್ದಂತೆಯೇ ಬಾಯಿಂದ ಸೂಜಿ ಜಾರಿತು.

"ಆ ಮೂರು ಮೂರು ಬೆರಳು ಯಾಕೆ?"

"ಹೊಲಿಗೆಗೆ ಮಾರ್ಜಿನ್..."

ಅತ್ತಿಗೆ ನಕ್ಕು ನಕ್ಕು ಸಮುದ್ರದ ನಡುವೆಯೇ ಕುಸಿದು ಕೂತಳು. "ಅಯ್ಯೋ ನನ್ ತಾಯಿ! ದ್ವೀಪ ದ್ವೀಪಕ್ಕೆ ಸೇರಿಸಿ ಹೊಲಿಗೆ ಹಾಕೋಕೆ ಹೊರಟಿದ್ದೀಯೇನೇ?"

ಹಲಗೆ ಮೇಲೆ ಬರೆದದ್ದು ಏನೇ ಆಗಲಿ, ಅಂಚಿಗೆ ಮೂರು ಬೆರಳು ಬಿಡುವುದು ಅವಳ ಕೈಗೆ ಅಂಟಿದ ಅಭ್ಯಾಸ. ಇಬ್ಬರೂ ಸೇರಿ ಎಲ್ಲ ಒರೆಸಿ ಮತ್ತೆ ಬರೆದರು. ಹಕ್ಕಿ ದ್ವೀಪ ಗೋಡೆ ಬಿಟ್ಟು ಈಚೆಗೆ ಬಂತು. ಹೋಗಿ ಬಂದು ಒಂದಿಷ್ಟು ದಿನ ಮಿಕ್ಕವು ಕೂಡ. ಅವನ್ನು ಬಿಟ್ಟುಕೊಡಲು ಸೂಜಿಯಕ್ಕ ಒಪ್ಪಲಿಲ್ಲ. "ಗಾಳಿ ಬಿದ್ದು ದೋಣಿ ನಿಲ್ಲೋ ದಿನಕ್ಕೆ ಇರ್ಲಿ, ಅತ್ತಿಗೆ. ಮಾರ್ಜಿನ್ ಇಲ್ದೆ ನಂಗೆ ನಿದ್ದೆ ಬರಲ್ಲ."

ಆಮೇಲೆ ಮಾಲೀಕನ ಕಡೆ ತಿರುಗಿದಳು. "ಎರಡರಲ್ಲೇ ಮುಗೀತು, ಸಾರ್. ಆಣೆ ಹಾಕಿದ್ರಿ."

ಮಾಲೀಕ ಕಿವಿ ಕೆರೆದುಕೊಂಡ. "ನಂದೇನೂ ಅಭ್ಯಂತರ ಇಲ್ಲಮ್ಮ. ಆದ್ರೆ ಗಿರಾಕಿಗಳು ಕಾಯ್ಬೇಕಲ್ಲ. ನಿನ್ನ ಕೈ ಹೊಲಿಗೇನೇ ಬೇಕು ಅಂತಾರೆ. ಅವರು ಒಪ್ಪಿದ್ರೆ ಹೋಗು."

ನಾವು ಬಾಗಿಲಿಗೆ ಅಡ್ಡ ಕೂತಾಗಲೂ ಇದೇ ಗಿರಾಕಿಗಳ ಹೆಸರು ಹೇಳಿದ್ದ. ಆಗ ಗಿರಾಕಿಗಳನ್ನು ಯಾರೂ ಕೇಳಿರಲಿಲ್ಲ. ಈಗ ನಾನು ಕೇಳುತ್ತಿದ್ದೇನೆ.

ಮಹಡಿಯ ಕೆಳಗೆ ಹರಿದ ಹಾಯಿಗಳ ರಾಶಿ ಬಿದ್ದಿದೆ. ಪ್ರತಿಯೊಂದಕ್ಕೂ "ಅರ್ಜೆಂಟ್" ಎಂಬ ಚೀಟಿ. ಅದರಲ್ಲಿ ನಿಮ್ಮದೂ ಇದೆ. ವಾರಕ್ಕೊಮ್ಮೆ ಮಕ್ಕಳನ್ನು ಕೂರಿಸಿಕೊಂಡು ದೋಣಿಕಟ್ಟೆಯಿಂದ ದೀಪಸ್ತಂಭದವರೆಗೆ ಹೋಗಿ ಬರುವ ದೋಣಿಗೆ ಎಂಥ ಅರ್ಜೆಂಟ್ ಸ್ವಾಮೀ? ಅತ್ತಿಗೆ ಬಣ್ಣ ಬಳಿದು ಮುಗಿಸಿದ್ದಾಳೆ. ಗಾಳಿ ಇವತ್ತೋ ನಾಳೆಯೋ ತಿರುಗುವ ಹಾಗಿದೆ. ಶೆಡ್ಡಿಗೆ ಬನ್ನಿ, ನಿಮ್ಮ ಚೀಟಿ ಕಿತ್ತುಕೊಂಡು ಚಪ್ಪಲಿ ಬಿಟ್ಟು ಮೇಲೆ ಹತ್ತಿ, ಅದನ್ನು ಮಾಲೀಕನ ಕೈಗೆ ಕೊಟ್ಟು "ನಾನು ಕಾಯ್ತೀನಿ, ಅವಳನ್ನ ಕಳಿಸು" ಅನ್ನಿ. ಬರ್ತೀರೋ, ಇಲ್ವೋ?